ಒಂದು ಬಾಟಲಿ ಹಾರ್ಮೋನ್ ಸವಳು ಭೂಮಿಯನ್ನು ಸರಿಮಾಡುತ್ತದೆಯೇ?

ಹಾರ್ಮೋನ್ ಸಿಂಪಡಿಸಿದರೆ ಸವಳು ಭೂಮಿಯಲ್ಲೂ ಭರ್ಜರಿ ಬೆಳೆ ಬರುತ್ತದೆ ಎಂಬ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಬೆಳಗಾವಿಯ ನೆಹರು ನಗರದಲ್ಲಿ ಕೂತು ಅದನ್ನು ಅಥಣಿ, ರಾಯಬಾಗದ ಬಂಧುಗಳಿಗೆ ಕಳಿಸುವ ಮುನ್ನ ಇದನ್ನು ಓದಿ. ಖಾನಾಪುರದವರಿಗೆ ಕಳಿಸಬೇಕಿಲ್ಲ, ಹೆಚ್ಚು ಮಳೆ ಬೀಳುವ ಅಲ್ಲಿನ ಕೆಂಪು ಮಣ್ಣಿನ ಸಮಸ್ಯೆ ಉಪ್ಪಲ್ಲ, ಹುಳಿ.

ಸವಳು ಹೇಗೆ ಬರುತ್ತದೆ? ಕೃಷ್ಣಾ ತೀರದ ಕಪ್ಪು ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಕಬ್ಬಿಗೆ ವರ್ಷವಿಡೀ ನೀರು ಬಿಟ್ಟರೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಅಲ್ಲೇ ಬಿಳಿ ಪದರವಾಗಿ ಉಳಿಯುತ್ತದೆ. ಮಣ್ಣು ಒದ್ದೆಯಿದ್ದರೂ ಬೇರಿಗೆ ನೀರು ಹೀರಲಾಗದು. ಜೊತೆಗೆ ಸೋಡಿಯಂ ಒಳನುಗ್ಗಿ ಎಲೆಯಂಚು ಸುಡುತ್ತದೆ.

ಸಂದೇಶದಲ್ಲಿ ಅರ್ಧ ಸತ್ಯವಿದೆ. ಉಪ್ಪು ತಾಗಿದೊಡನೆ ಗಿಡವೇ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ತಯಾರಿಸಿ ಎಲೆಯ ರಂಧ್ರ ಮುಚ್ಚಿ ನೀರು ಉಳಿಸಿಕೊಳ್ಳುತ್ತದೆ. ಜಿಬ್ಬರೆಲಿನ್ ಬೀಜ ಮೊಳೆಯಲು ನೆರವಾಗುತ್ತದೆ. ಸ್ಯಾಲಿಸಿಲಿಕ್ ಆಮ್ಲ ಗಿಡದ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುತ್ತದೆ (ನಮ್ಮ ಆಸ್ಪಿರಿನ್ ಇದರದೇ ಸಂಬಂಧಿ, ಹಾಗಂತ ಮಾತ್ರೆ ಕರಗಿಸಿ ಹೊಲಕ್ಕೆ ಹೊಡೆಯಬೇಡಿ). ಇಂಥ ದ್ರಾವಣಗಳಲ್ಲಿ ನೆನೆಸಿದ ಗೋಧಿ, ಭತ್ತದ ಬೀಜ ಉಪ್ಪಿನಲ್ಲೂ ಚೆನ್ನಾಗಿ ಮೊಳೆತದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಅವುಗಳಲ್ಲಿ ಬಹಳಷ್ಟು ಪ್ರಯೋಗಾಲಯದ ತಟ್ಟೆ, ಕುಂಡಗಳಲ್ಲಿ ನಡೆದವು. ಪ್ರಮಾಣ ಸ್ವಲ್ಪ ಹೆಚ್ಚಾದರೂ ಬೆಳವಣಿಗೆ ಕುಂಠಿತವಾಗಬಹುದು.

ಸಂದೇಶ ಮುಚ್ಚಿಡುವ ಮಾತು ಬೇರೆ: ಹಾರ್ಮೋನ್ ಗಿಡಕ್ಕೆ ತಾಳಿಕೆ ಕೊಡಬಹುದು, ಮಣ್ಣಿನಿಂದ ಒಂದು ಚಿಟಿಕೆ ಉಪ್ಪನ್ನೂ ತೆಗೆಯದು. ಬಸಿಯಲು ದಾರಿಯಿಲ್ಲದ ಹೊಲದಲ್ಲಿ ಪ್ರತಿ ನೀರಾವರಿಯೂ ಹೊಸ ಉಪ್ಪು ತರುತ್ತದೆ. ಬಾಟಲಿ ನಂಬಿ ಎರಡು ಹಂಗಾಮು ಕಳೆದರೆ ದುಡ್ಡಿನ ಜೊತೆ ಹೊಲವೂ ಕೈತಪ್ಪುತ್ತದೆ.

ಹಾಗಾಗಿ ಮೊದಲು ಮಣ್ಣು ಪರೀಕ್ಷೆ. ನೆನೆಸಿದ ಮಣ್ಣಿನ ಸಾರದ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ದಾಟಿದ್ದರೆ ಸವಳು. ಇದಕ್ಕೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ಉಪ್ಪು ತೊಳೆಯಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಹೊಲದಡಿ ಕೊಳವೆ ಹೂಳಿ ನೀರು ಬಸಿಯುವ ವಿಧಾನದ ಮೇಲೆ ಕೆಲಸ ಮಾಡಿದೆ. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು, ಅಲ್ಲಿ ಮಾತ್ರ ಜಿಪ್ಸಂ ಬೇಕು. ಎರಡಕ್ಕೂ ಒಂದೇ ಮದ್ದು ಎನ್ನುವ ಅಂಗಡಿಯವರಿಂದ ದೂರವಿರಿ.

ಇಷ್ಟಾದ ಮೇಲೂ ಹಾರ್ಮೋನ್ ಬಳಸಬೇಕೆನಿಸಿದರೆ ಲೇಬಲ್ ನೋಡಿ. ಜಿಬ್ಬರೆಲಿಕ್ ಆಮ್ಲದಂಥವು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ, ಬೆಳೆಯ ಹೆಸರು, ಪ್ರಮಾಣ ಮೂರೂ ಅದರ ಮೇಲೆ ಅಚ್ಚಾಗಿರುತ್ತವೆ.