ಒಂದು ಕಛೇರಿ, ಎರಡು ಸಾಕ್ಷ್ಯಗಳು

ತುಳಸಿಗೇರಿಯ ಹನುಮಂತದೇವರ ಜಾತ್ರೆಗೆ ಹೋಗಿಬರುವ ಬಾಗಲಕೋಟೆಯ ಸೀಮೆಯವರಿಗೆ ಶ್ರೀಕೃಷ್ಣ ಪಾರಿಜಾತವು ಅಪರಿಚಿತವಲ್ಲ. ಇರುಳೆಲ್ಲ ನಡೆಯುವ ಅಂಥ ಆಟವೊಂದನ್ನು ಮುದ್ರಿಸಿಕೊಳ್ಳಲು ಇಂದು ಕಿಸೆಯೊಳಗಿನ ಮೊಬೈಲೇ ಸಾಕು. ಆದರೆ ಹಾಗೆ ಮುದ್ರಿತವಾದುದು ಆ ಇರುಳಿನ ಆಟವೇ, ಅಥವಾ ಅದರಿಂದ ಹುಟ್ಟಿದ ಬೇರೊಂದು ಕೃತಿಯೇ? ಜಾನಪದ ಸಂಗ್ರಹಕ್ಕೆ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಒಂದೇ ಕಛೇರಿಯ ಧ್ವನಿಮುದ್ರಿಕೆಯೂ ಚಿತ್ರಮುದ್ರಿಕೆಯೂ ದೊರೆಯುವಲ್ಲಿ ಇದರ ಪರೀಕ್ಷೆ ಸುಲಭವಾದುದರಿಂದ, ನಾವು ದೂರದ ಜರ್ಮನಿಯ ನಿದರ್ಶನವೊಂದನ್ನು ಆರಿಸಿಕೊಂಡಿದ್ದೇವೆ.

ರಾಮ್‌ಸ್ಟೈನ್ ಎಂಬುದು 1994ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಆರು ಜನರ ವಾದ್ಯವೃಂದ. ಇವರ ಸಂಗೀತವನ್ನು 'ಇಂಡಸ್ಟ್ರಿಯಲ್ ಮೆಟಲ್' ಎಂದು ಕರೆಯುವರು. ವಿದ್ಯುತ್ ಗಿಟಾರಿನ ಭಾರವಾದ ನಾದಕ್ಕೆ ಕಾರ್ಖಾನೆಯ ಯಂತ್ರದಂತೆ ಬಿಡದೆ ಮರುಕಳಿಸುವ ಲಯವನ್ನೂ, ಕೀಲಿಮಣೆಯಿಂದ ಹೊರಡುವ ಕೃತಕ ಧ್ವನಿಗಳನ್ನೂ ಹೆಣೆಯುವುದೇ ಇದರ ಲಕ್ಷಣ. ಇವರು 1998ರ ಆಗಸ್ಟ್ 22 ಮತ್ತು 23ರಂದು ಬರ್ಲಿನ್ನಿನ ವುಲ್‌ಹೈಡೆ ಬಯಲು ರಂಗಮಂದಿರದಲ್ಲಿ ಹಾಡಿದುದು 1999ರಲ್ಲಿ 'ಲೈವ್ ಔಸ್ ಬರ್ಲಿನ್' ಎಂಬ ಹೆಸರಿನಲ್ಲಿ ಧ್ವನಿಮುದ್ರಿಕೆಯಾಗಿಯೂ ಚಿತ್ರಮುದ್ರಿಕೆಯಾಗಿಯೂ ಪ್ರಕಟವಾಯಿತು.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಕಛೇರಿಗಳು ಎರಡು, ಕೃತಿಯು ಒಂದು. ಕೇಳುವವನಿಗೆ ಅದು ಒಂದೇ ಇರುಳಿನಂತೆ ತೋರುತ್ತದೆ. ಇನ್ನು ಗಾಯಕ ಟಿಲ್ ಲಿಂಡೆಮನ್ನನು ಉರಿಯುವ ಕೋಟನ್ನು ತೊಟ್ಟು ಹಾಡುವುದನ್ನೂ, ವಾದಕನೊಬ್ಬನು ರಬ್ಬರಿನ ದೋಣಿಯಲ್ಲಿ ಕುಳಿತು ಜನರ ಕೈಗಳ ಮೇಲೆ ತೇಲುವುದನ್ನೂ ಚಿತ್ರವು ತೋರಿಸುತ್ತದೆ. ಧ್ವನಿಮುದ್ರಿಕೆಯಲ್ಲಿ ಉಳಿಯುವುದು ಜನರ ಉದ್ಘೋಷ ಮಾತ್ರ, ಅದರ ಕಾರಣವಲ್ಲ. ಹಾಗೆಂದು ಚಿತ್ರವೇ ಪೂರ್ಣವೆನ್ನಲಾಗದು. ರಂಗದ ಮೇಲಿನ ಅಭಿನಯವು ಅಶ್ಲೀಲವೆನಿಸಿದ ಹಾಡೊಂದನ್ನು ಡಿವಿಡಿಯಿಂದ ಕೈಬಿಡಲಾಯಿತು. ಕಿವಿಗೆ ದೊರೆತುದು ಕಣ್ಣಿಗೆ ದೊರೆಯಲಿಲ್ಲ.

ಇಂಥ ವ್ಯತ್ಯಾಸಗಳು ಮುದ್ರಣವಿಧಾನದಲ್ಲಿಯೇ ಅಡಗಿವೆ. ದೊಡ್ಡ ಕಛೇರಿಗಳಲ್ಲಿ ಒಂದೊಂದು ವಾದ್ಯದ ಧ್ವನಿಯನ್ನೂ ಬೇರೆಬೇರೆಯಾಗಿ ಹಿಡಿದಿಡುವರು. ಜನರ ಧ್ವನಿಗಾಗಿಯೇ ಪ್ರತ್ಯೇಕ ಮೈಕುಗಳಿರುತ್ತವೆ. ತರುವಾಯ ಇವನ್ನೆಲ್ಲ ಹದವರಿತು ಬೆರೆಸುವರು. ಚಪ್ಪಾಳೆಯು ಎಷ್ಟು ಕೇಳಬೇಕು, ಕ್ಯಾಮರಾ ಯಾರ ಮುಖದ ಮೇಲೆ ನಿಲ್ಲಬೇಕು ಎಂಬುದನ್ನು ನಿರ್ಣಯಿಸುವವನು ಸಂಕಲನಕಾರನು. ಆದುದರಿಂದ ನೇರ ಮುದ್ರಣವೆಂಬುದು ಕನ್ನಡಿಯಲ್ಲ. ಆಯ್ದು ಕಟ್ಟಿದ ಸಾಕ್ಷ್ಯ.

ಈ ಮಾತನ್ನು ನಮ್ಮ ಪಾರಿಜಾತಕ್ಕೆ ಅನ್ವಯಿಸಿ ನೋಡೋಣ. ಸತ್ಯಭಾಮೆಯ ಪದಗಳಷ್ಟೇ ಪಾರಿಜಾತವಲ್ಲ. ದೂತಿಯು ಮುಂದೆ ಕುಳಿತವರನ್ನು ಮಾತಿಗೆಳೆಯುವುದು, ಜನರ ನಗೆ, ನಡುವೆ ಕೂಗಿ ಹೇಳುವ ಆಯೇರಿ, ಬೆಳಗಿನ ಜಾವಕ್ಕೆ ಹಿಮ್ಮೇಳದ ಕಂಠದಲ್ಲಿ ಮೂಡುವ ದಣಿವು, ಇವೆಲ್ಲವೂ ಆಟದ ಅಂಗಗಳೇ. ಗದ್ದಲವೆಂದು ಇವನ್ನು ಕತ್ತರಿಸಿ, ಒಳ್ಳೆಯ ಪದಗಳನ್ನು ಮಾತ್ರ ಒಂದು ಗಂಟೆಗೆ ಇಳಿಸಿದರೆ, ನಾಳಿನ ಸಂಶೋಧಕನಿಗೆ ಹಾಡುಗಳು ಸಿಕ್ಕಾವು, ಆಟವು ಸಿಕ್ಕದು. ಜರ್ಮನಿಯ ವೃಂದದವರು ಮತ್ತೆ ಹಾಡಬಲ್ಲರು, ಮತ್ತೆ ಮುದ್ರಿಸಬಲ್ಲರು. ವೃದ್ಧ ಕಲಾವಿದನೊಬ್ಬನ ಕೊನೆಯ ಆಟಕ್ಕೆ ಎರಡನೆಯ ಇರುಳಿಲ್ಲ.

ಹೀಗಿರಲು ವಿದ್ಯಾರ್ಥಿಗಳಲ್ಲಿ ನಮ್ಮ ಸೂಚನೆಯಿಷ್ಟೆ: ಮುದ್ರಿಸಿದುದನ್ನು ಮೊದಲಿನಿಂದ ಕೊನೆಯವರೆಗೆ ಕತ್ತರಿಸದೆ ಕಾಪಿಡಬೇಕು, ಸಂಕ್ಷೇಪವನ್ನು ಬೇರೆಯಾಗಿ ಮಾಡಿಕೊಳ್ಳಬಹುದು. ಊರು, ತಿಥಿ, ಮೈಕು ಇದ್ದ ಸ್ಥಳ, ಬಿಟ್ಟ ಭಾಗ, ಬಿಡಲು ಕಾರಣ, ಇವನ್ನು ಜೊತೆಯಲ್ಲಿಯೇ ಬರೆದಿಡಬೇಕು. ಕೈಬಿಟ್ಟುದನ್ನು ಹೇಳಿದಾಗಲೇ ಉಳಿಸಿಕೊಂಡುದಕ್ಕೆ ಪ್ರಾಮಾಣ್ಯವು ಬರುತ್ತದೆ.