ಮುಂದಿನ ಬಾರಿ ಯಾವಾಗ?

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ತಿಂಗಳ ಎರಡನೆಯ ವಾರ. ಬೆಂಗಳೂರಿನಲ್ಲಿ ನಾನು ವಾಸಿಸುವ ವಸತಿ ಸಮುಚ್ಚಯದಲ್ಲಿ ಸಂಜೆ ವಿದ್ಯುತ್ ಕೈಕೊಟ್ಟಿತು. ಜನರೇಟರ್ ಅಂದು ದುರಸ್ತಿಯಲ್ಲಿತ್ತು. ಲಿಫ್ಟು ಎರಡನೆಯ ಮತ್ತು ಮೂರನೆಯ ಅಂತಸ್ತುಗಳ ನಡುವೆ ನಿಂತುಬಿಟ್ಟಿತು. ಒಳಗೆ ಮೂರನೆಯ ಅಂತಸ್ತಿನ ವೃದ್ಧೆಯೊಬ್ಬರು ಒಬ್ಬರೇ ಇದ್ದರು. ಇಂಥ ಹೊತ್ತಿಗೆಂದೇ ಲಿಫ್ಟಿನೊಳಗೆ ಬ್ಯಾಟರಿಯಿಂದ ನಡೆಯುವ ದೀಪವೂ ಕರೆಗಂಟೆಯೂ ಇರುತ್ತವೆ. ಅಂದು ಎರಡೂ ಕೆಲಸ ಮಾಡಲಿಲ್ಲ. ಅವರು ಬಾಗಿಲು ಬಡಿಯುವ ಸದ್ದು ಕಾವಲುಗಾರನಿಗೆ ಕೇಳಿಸಿ, ಮೆಕ್ಯಾನಿಕ್ ಬಂದು ಅವರನ್ನು ಹೊರಗೆ ಕರೆತರುವಷ್ಟರಲ್ಲಿ 40 ನಿಮಿಷ ಕಳೆದಿತ್ತು.

ಮರುದಿನ ನಾವು ಕೆಲವರು ಸಂಘದ ಕಚೇರಿಗೆ ಹೋಗಿ ಗಣಕಯಂತ್ರವನ್ನು ತೆರೆಸಿದೆವು. ಕಟ್ಟಡದ ನಿರ್ವಹಣೆಗಾಗಿ ಕೊಂಡಿದ್ದ ತಂತ್ರಾಂಶವೊಂದು ಅದರಲ್ಲಿತ್ತು. ಲಿಫ್ಟಿನ ಪುಟದಲ್ಲಿ ಹಸಿರು ಬಣ್ಣದಲ್ಲಿ ‘ಬಾಕಿ ಕೆಲಸ ಇಲ್ಲ’ ಎಂದು ಬರೆದಿತ್ತು. ಬ್ಯಾಟರಿಯ ಕೊನೆಯ ಪರೀಕ್ಷೆ ನಡೆದದ್ದು ಜನವರಿ 31ರಂದು. ನಿಯಮ: ತಿಂಗಳಿಗೊಮ್ಮೆ. ಹಾಗಾದರೆ ಫೆಬ್ರವರಿಯ ಪರೀಕ್ಷೆ ಎಲ್ಲಿ ಹೋಯಿತು? ಉತ್ತರವನ್ನು ಮುಂದೆ ಹೇಳುತ್ತೇನೆ. ಅಷ್ಟರೊಳಗೆ ನೀವೇ ಊಹಿಸಲು ಪ್ರಯತ್ನಿಸಿ.

ದೂರದರ್ಶನದ ಮಾತುಕತೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಲು ಮಾತ್ರ ಸಮಯವಿತ್ತು. ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಗಣಕ ಮಾಡುವುದೇನು?

ದೊಡ್ಡ ಕಟ್ಟಡವೊಂದರಲ್ಲಿ ಮತ್ತೆ ಮತ್ತೆ ಮಾಡಲೇಬೇಕಾದ ಕೆಲಸಗಳು ಹತ್ತಾರು. ನೀರಿನ ತೊಟ್ಟಿ ತೊಳೆಯಬೇಕು, ಪಂಪಿಗೆ ಎಣ್ಣೆ ಹಾಕಬೇಕು, ಬೆಂಕಿ ಆರಿಸುವ ಸಾಧನಗಳ ಒತ್ತಡ ನೋಡಬೇಕು, ವಿಮೆ ನವೀಕರಿಸಬೇಕು. ಹಿಂದೆ ಇವೆಲ್ಲ ಒಬ್ಬ ಮೇಸ್ತ್ರಿಯ ನೆನಪಿನಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಇರುತ್ತಿದ್ದವು. ತಂತ್ರಾಂಶದಲ್ಲಿ ಪ್ರತಿ ಕೆಲಸಕ್ಕೂ ನಾಲ್ಕು ಸಂಗತಿಗಳನ್ನು ತುಂಬುತ್ತೇವೆ: ಯಾವ ಯಂತ್ರ, ಯಾವ ಕೆಲಸ, ಯಾರ ಹೊಣೆ, ಎಷ್ಟು ದಿನಕ್ಕೊಮ್ಮೆ. ಕೊನೆಯದೇ ಪುನರಾವರ್ತನೆಯ ನಿಯಮ. ಈ ಒಂದು ಸಾಲಿನಿಂದ ಗಣಕವು ಮುಂದಿನ ದಿನಾಂಕಗಳನ್ನೆಲ್ಲ ತಾನೇ ಹುಟ್ಟಿಸುತ್ತದೆ. ಆ ದಿನ ಬಂದಾಗ ಹೊಣೆಗಾರನಿಗೆ ನೆನಪಿಸುತ್ತದೆ. ಒಂದು ಸಾಲು ತಪ್ಪಾದರೆ ಮುಂದಿನ ದಿನಾಂಕಗಳೆಲ್ಲ ತಪ್ಪು. ಆದ್ದರಿಂದ ನಿಯಮ ಬರೆಯುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಎಷ್ಟು ದಿನಕ್ಕೊಮ್ಮೆ, ಏಕೆ?

ನೀರು ತುಂಬಿಡುವ ಡ್ರಮ್ಮುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ತೊಳೆಯಬೇಕೆಂದು ಆರೋಗ್ಯ ಇಲಾಖೆಯವರು ಹೇಳುವುದನ್ನು ಕೇಳಿದ್ದೀರಿ. ವಾರವೇ ಏಕೆ, ತಿಂಗಳೇಕಾಗಬಾರದು? ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನಲ್ಲಿ ಮರಿಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ಸುಮಾರು 7ರಿಂದ 10 ದಿನ ಬೇಕು. ಏಳು ದಿನಕ್ಕೊಮ್ಮೆ ತೊಳೆದರೆ ಅದು ಹಾರುವ ಮೊದಲೇ ನಾವು ತಡೆದಂತೆ. ಭಾನುವಾರ ಮರೆತು ಬುಧವಾರ ತೊಳೆದರೆ ನಡುವೆ 10 ದಿನ ಉರುಳಿರುತ್ತವೆ, ಸೊಳ್ಳೆ ಹಾರಿಹೋಗಿರಬಹುದು. ಇಲ್ಲಿ ಅವಧಿಯನ್ನು ನಿಗದಿ ಮಾಡಿದ್ದು ಕಚೇರಿಯ ಅನುಕೂಲವಲ್ಲ, ಕೀಟದ ಜೀವನಚಕ್ರ. ಪ್ರತಿಯೊಂದು ಅವಧಿಯ ಹಿಂದೆಯೂ ಇಂಥ ಒಂದು ಕಾರಣವಿರುತ್ತದೆ. ಆ ಕಾರಣ ಗೊತ್ತಿದ್ದರೆ ಎಷ್ಟು ತಡವಾದರೆ ಅಪಾಯ ಎಂಬುದೂ ಗೊತ್ತಿರುತ್ತದೆ.

ಯಾವ ದಿನದಿಂದ ಎಣಿಸಬೇಕು?

ಮುಖ್ಯವಾದ ಪ್ರಶ್ನೆ ಇದು. ತಾರಸಿಯ ಮಳೆನೀರಿನ ಕೊಳವೆಗಳನ್ನು ವರ್ಷಕ್ಕೊಮ್ಮೆ ಸ್ವಚ್ಛಗೊಳಿಸುವ ಕೆಲಸವನ್ನು ತೆಗೆದುಕೊಳ್ಳಿ. ಮೊದಲ ವರ್ಷ ಮೇ 10ರಂದು ನಡೆಯಿತು. ‘ಕೆಲಸ ಮುಗಿದ ದಿನದಿಂದ ಒಂದು ವರ್ಷ’ ಎಂದು ನಿಯಮ ಬರೆದಿದ್ದೇವೆ, ಪ್ರತಿ ವರ್ಷವೂ 10 ದಿನ ತಡವಾಗುತ್ತದೆ ಎನ್ನೋಣ. ಎರಡನೆಯ ವರ್ಷ ಮೇ 20, ಮೂರನೆಯ ವರ್ಷ ಮೇ 30, ನಾಲ್ಕನೆಯ ವರ್ಷ ಜೂನ್ 9. ಅಷ್ಟರಲ್ಲಿ ಮುಂಗಾರು ಬಂದು ತಾರಸಿಯಲ್ಲಿ ನೀರು ನಿಂತಿರುತ್ತದೆ. ಯಾರೂ ದೊಡ್ಡ ತಪ್ಪು ಮಾಡಲಿಲ್ಲ. ಚಿಕ್ಕ ಚಿಕ್ಕ ತಡಗಳು ಕೂಡಿಕೊಂಡವು, ಅಷ್ಟೆ.

ನಮ್ಮ ಪಂಚಾಂಗ ಕರ್ತೃಗಳು ಇಂಥದೇ ಜಾರುವಿಕೆಯನ್ನು ಎದುರಿಸಿದ್ದರು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ ಸುಮಾರು 365. ವರ್ಷಕ್ಕೆ 11 ದಿನದಂತೆ ಹಬ್ಬಗಳು ಹಿಂದಕ್ಕೆ ಸರಿಯುತ್ತ ಹೋದರೆ ಯುಗಾದಿ ಚಳಿಗಾಲಕ್ಕೆ ಬಂದೀತು! ಆದ್ದರಿಂದಲೇ ಸುಮಾರು 32-33 ತಿಂಗಳಿಗೊಮ್ಮೆ ಅಧಿಕ ಮಾಸವನ್ನು ಸೇರಿಸಿ ಲೆಕ್ಕವನ್ನು ಋತುವಿಗೆ ಕಟ್ಟಿಹಾಕುತ್ತಾರೆ.

ಮಳೆ, ಸೊಳ್ಳೆ, ವಿಮೆಯ ಗಡುವು — ಇವು ನಮಗಾಗಿ ಕಾಯುವುದಿಲ್ಲ. ಇಂಥ ಕೆಲಸಗಳಿಗೆ ಸ್ಥಿರ ದಿನಾಂಕವೇ ಸರಿ. ಈ ಬಾರಿ ಎಷ್ಟೇ ತಡವಾಗಿದ್ದರೂ ಮುಂದಿನ ಗಡುವು ಕದಲಬಾರದು.

ಎಲ್ಲ ಕೆಲಸಗಳಿಗೂ ಇದೇ ನಿಯಮವೇ? ಇಲ್ಲ. ನೀರಿನ ಶೋಧಕದ ಒಳಗಿನ ಕೊಳವೆಯನ್ನು 180 ದಿನಕ್ಕೊಮ್ಮೆ ಬದಲಿಸಬೇಕು, ಈ ಬಾರಿ 60 ದಿನ ತಡವಾಗಿ ಬದಲಿಸಿದಿರಿ ಎಂದಿಟ್ಟುಕೊಳ್ಳಿ. ಸ್ಥಿರ ದಿನಾಂಕದ ನಿಯಮವಿದ್ದರೆ ಇನ್ನು 120 ದಿನಕ್ಕೇ ಹೊಸ ಕೊಳವೆಯನ್ನು ಕಿತ್ತು ಎಸೆಯಬೇಕಾಗುತ್ತದೆ. ಸವೆತ ಶುರುವಾಗುವುದು ಹೊಸದನ್ನು ಹಾಕಿದ ದಿನದಿಂದ. ಆದ್ದರಿಂದ ಇಲ್ಲಿ ಎಣಿಕೆಯೂ ಕೆಲಸ ಮುಗಿದ ದಿನದಿಂದಲೇ ಶುರುವಾಗಬೇಕು.

ಗಡಿಯಾರವೋ, ಮೀಟರೋ?

ಕೆಲವು ಯಂತ್ರಗಳಿಗೆ ದಿನದ ಲೆಕ್ಕವೇ ಹೊಂದುವುದಿಲ್ಲ. ಜನರೇಟರಿನ ಎಣ್ಣೆಯನ್ನು 250 ಗಂಟೆಗಳ ಓಟಕ್ಕೊಮ್ಮೆ ಬದಲಿಸಬೇಕೆಂದು ತಯಾರಕರು ಹೇಳಿದ್ದಾರೆ ಎನ್ನೋಣ. ದಿನಕ್ಕೆ ಒಂದು ಗಂಟೆ ಓಡಿದರೆ ಅದು 250 ದಿನ ಬರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 4 ಗಂಟೆ ಓಡಿದರೆ ಸುಮಾರು 62 ದಿನಕ್ಕೇ ಮುಗಿಯುತ್ತದೆ. ‘180 ದಿನಕ್ಕೊಮ್ಮೆ’ ಎಂದು ಬರೆದು ಸುಮ್ಮನೆ ಕುಳಿತರೆ ಅಷ್ಟರಲ್ಲಿ ಎಂಜಿನ್ 720 ಗಂಟೆ ಓಡಿರುತ್ತದೆ. ಹಾಗೆಂದು ಸುಮ್ಮನೆ ನಿಂತ ಎಂಜಿನ್ನಿನ ಎಣ್ಣೆಯೂ ಕಾಲಕ್ರಮದಲ್ಲಿ ಕೆಡದೆ ಇರದು. ಆದ್ದರಿಂದ ಇಂಥ ಕಡೆ ‘250 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂಬ ಜೋಡಿ ನಿಯಮ ಬರೆಯುತ್ತಾರೆ. ಮೀಟರನ್ನು ಓದಿ ಗಣಕಕ್ಕೆ ತಿಳಿಸುವುದು ಮಾತ್ರ ಯಾರಾದರೊಬ್ಬರ ನಿತ್ಯದ ಕೆಲಸವಾಗಬೇಕು.

31ರ ಒಗಟು

ಈಗ ಲಿಫ್ಟಿನ ವಿಷಯಕ್ಕೆ ಬರೋಣ. ನಮ್ಮ ಕಚೇರಿಯಲ್ಲಿ ಬರೆದಿದ್ದ ನಿಯಮ ‘ಪ್ರತಿ ತಿಂಗಳ 31’. ವರ್ಷದಲ್ಲಿ 31ನೆಯ ತಾರೀಖು ಬರುವುದು 7 ತಿಂಗಳಲ್ಲಿ ಮಾತ್ರ. ಫೆಬ್ರವರಿಗೆ 31 ಇಲ್ಲವಾದ್ದರಿಂದ ತಂತ್ರಾಂಶವು ಆ ತಿಂಗಳನ್ನೇ ಬಿಟ್ಟು ಮಾರ್ಚ್ 31ಕ್ಕೆ ನೆಗೆದಿತ್ತು. ಅದು ಕೆಟ್ಟು ಹೀಗೆ ಮಾಡಲಿಲ್ಲ. ಗಣಕಗಳು ದಿನಚರಿಯನ್ನು ಹಂಚಿಕೊಳ್ಳಲು ಬಳಸುವ ‘ಐಕ್ಯಾಲೆಂಡರ್’ ಎಂಬ ಮಾನಕವಿದೆ. 1998ರಲ್ಲಿ ಪ್ರಕಟವಾಗಿ 2009ರಲ್ಲಿ ಪರಿಷ್ಕೃತವಾದ ಈ ಮಾನಕದಲ್ಲಿಯೂ, ಇಲ್ಲದ ದಿನಾಂಕವನ್ನು ಬಿಟ್ಟುಬಿಡಬೇಕೆಂದೇ ಇದೆ.

ಬೇರೆ ತಂತ್ರಾಂಶಗಳು ಬೇರೆ ರೀತಿ ನಡೆದುಕೊಳ್ಳಬಹುದು. ಕೆಲವು ಫೆಬ್ರವರಿ 31ನ್ನು ಮಾರ್ಚ್ 3 ಎಂದು ಎಣಿಸುತ್ತವೆ. ಕೆಲವು ಫೆಬ್ರವರಿ 28ಕ್ಕೆ ಇಳಿಸಿ, ಮುಂದೆ ಅಲ್ಲಿಂದಲೇ ಎಣಿಸುತ್ತ ಮಾರ್ಚ್ 28, ಏಪ್ರಿಲ್ 28 ಎಂದು ಸಾಗುತ್ತವೆ. ಪರಿಹಾರ ಸುಲಭ: ‘ತಿಂಗಳ ಕೊನೆಯ ದಿನ’ ಎಂದು ಬರೆಯಿರಿ, ಇಲ್ಲವೆ 28 ಅಥವಾ ಅದಕ್ಕಿಂತ ಚಿಕ್ಕ ತಾರೀಖನ್ನು ಆರಿಸಿ. ಯಾವ ನಿಯಮ ಬರೆದರೂ, ಮುಂದಿನ ಹನ್ನೆರಡು ದಿನಾಂಕಗಳನ್ನು ಪರದೆಯ ಮೇಲೆ ತರಿಸಿ ಒಮ್ಮೆ ಕಣ್ಣಾಡಿಸಿ. ನಾವು ಅದೊಂದನ್ನು ಮಾಡಿದ್ದರೆ ಸಾಕಿತ್ತು.

‘ಮುಗಿಯಿತು’ ಎಂದರೇನು?

ಇನ್ನೊಂದು ಮಾತು ಉಳಿಯಿತು. ಡ್ರಮ್ಮಿನ ನೀರು ಚೆಲ್ಲಿದವನು ‘ಮುಗಿಯಿತು’ ಎಂದು ಗುರುತು ಹಾಕಬಹುದು. ಆದರೆ ಈಡಿಸ್ ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಉಜ್ಜಿ ತೊಳೆಯದಿದ್ದರೆ ಕೆಲಸ ಆಗಲಿಲ್ಲ. ಆದ್ದರಿಂದ ಕೆಲಸದ ವಿವರದಲ್ಲಿ ‘ಉಜ್ಜಿ ತೊಳೆಯಬೇಕು’ ಎಂದೇ ಬರೆಯಬೇಕು. ಬ್ಯಾಟರಿಯಾದರೆ ಬರಿಯ ಗುರುತು ಸಾಲದು, ವೋಲ್ಟೇಜ್ ಎಷ್ಟಿತ್ತೆಂದು ಅಂಕಿಯಲ್ಲಿ ಕೇಳಬೇಕು. ತಿಂಗಳಿಂದ ತಿಂಗಳಿಗೆ ಅಂಕಿ ಇಳಿಯುತ್ತಿದ್ದರೆ ಕೆಡುವ ಮೊದಲೇ ತಿಳಿಯುತ್ತದೆ. ಮೂರು ವಾರ ತಪ್ಪಿದ್ದರೆ ಮೂರು ಬಾರಿ ತೊಳೆಯಬೇಕಾಗಿಲ್ಲ, ಒಮ್ಮೆ ಸಾಕು. ಆದರೆ ಉಳಿದೆರಡನ್ನು ‘ತಪ್ಪಿದೆ’ ಎಂದೇ ದಾಖಲಿಸಬೇಕು.

ಗಣಕವು ನಾವು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತದೆ. ಹಸಿರು ಬಣ್ಣದ ಅರ್ಥ ‘ನೀವು ಹೇಳಿದ ದಿನಾಂಕ ಇನ್ನೂ ಬಂದಿಲ್ಲ’ ಎಂದಷ್ಟೆ. ಲಿಫ್ಟು ಸುರಕ್ಷಿತವೆಂದು ಅದು ಎಂದೂ ಹೇಳಿರಲಿಲ್ಲ. ನಾವೇ ಹಾಗೆಂದು ಓದಿಕೊಂಡಿದ್ದೆವು. ಬ್ಯಾಟರಿ ಈಗ ಹೊಸದಾಗಿದೆ, ನಿಯಮವನ್ನೂ ತಿದ್ದಿದ್ದೇವೆ. ಆ ವೃದ್ಧೆ ಮಾತ್ರ ಇಂದಿಗೂ ಮೂರು ಅಂತಸ್ತುಗಳನ್ನು ಮೆಟ್ಟಿಲು ಹತ್ತಿಯೇ ಹೋಗುತ್ತಾರೆ.

ನೀವೇ ಮಾಡಿ ನೋಡಿ

ನಿಮ್ಮ ಮನೆ, ಶಾಲೆ ಅಥವಾ ವಿದ್ಯಾರ್ಥಿನಿಲಯದಲ್ಲಿ ಮತ್ತೆ ಮತ್ತೆ ನಡೆಯಬೇಕಾದ ಐದು ಕೆಲಸಗಳನ್ನು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಬರೆಯಿರಿ: ಅವಧಿ ಎಷ್ಟು, ಅದಕ್ಕೆ ಕಾರಣವೇನು, ಎಣಿಕೆ ಸ್ಥಿರ ದಿನಾಂಕದಿಂದಲೋ, ಮುಗಿದ ದಿನದಿಂದಲೋ, ಮೀಟರಿನಿಂದಲೋ? ಕೊನೆಯ ಬಾರಿ ಆ ಕೆಲಸ ನಡೆದದ್ದು ಯಾವಾಗ ಎಂದು ಹಿರಿಯರನ್ನು ಕೇಳಿ. ಎಷ್ಟು ಪ್ರಶ್ನೆಗಳಿಗೆ ತಕ್ಷಣ ಉತ್ತರ ಸಿಗುತ್ತದೆಂಬುದನ್ನೂ ಗುರುತು ಹಾಕಿಕೊಳ್ಳಿ.