ರಾಯನಿಗಾಗಿ ಕತ್ತಲಲ್ಲಿ ಕಾದಿದ್ದ ಜಟ್ಟಿ

ಜನವರಿಯ ಒಂದು ಭಾನುವಾರ, ಬೆಳಗಿನ ಆರು ಗಂಟೆ. ಹೊಸಪೇಟೆಗೆ ಇನ್ನೂ ಬೆಳಕು ಹರಿದಿಲ್ಲ. ಪುನೀತ್ ರಾಜ್‌ಕುಮಾರ್ ವೃತ್ತದಲ್ಲಿ ನಟ ಪುನೀತ್, ಅಂದರೆ ನಮ್ಮ ಅಪ್ಪುವಿನ ಪ್ರತಿಮೆಯ ಮುಂದೆ ನಾನೂ ಎದುರು ಮನೆಯ ಅಕ್ಕನೂ ಒಂದು ನಿಮಿಷ ನಿಂತು ಮುಂದೆ ಹೋಗುವುದು ವಾಡಿಕೆ. 2022ರಲ್ಲಿ ಇಲ್ಲಿ ನಿಂತ ಪ್ರತಿಮೆ ಇದು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ, ಹೃದಯಾಘಾತದಿಂದ ಅವರು ಹೋದಾಗ ನಮ್ಮ ಓಣಿಯ ತಾಯಂದಿರು ಮಕ್ಕಳ ಜಿಮ್ ಚೀಲ ಎತ್ತಿ ಅಟ್ಟಕ್ಕೆ ಹಾಕಿದ್ದು ನನಗೆ ನೆನಪಿದೆ. ಅಷ್ಟು ಗಟ್ಟಿ ಆಳಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಅಂಜಿಕೆ. ಆ ಅಂಜಿಕೆ ಕೆಲವರನ್ನು ಹೃದಯ ತೋರಿಸಿಕೊಳ್ಳಲು ಡಾಕ್ಟರ ಬಳಿ ಕಳಿಸಿತು. ಅದು ಒಳ್ಳೆಯದೇ. ಮನೆತನದಲ್ಲಿ ಹೃದಯದ ಕಾಯಿಲೆ, ಬಿಪಿ, ಶುಗರ್ ಇದ್ದವರು ತೋರಿಸಿಕೊಂಡೇ ಬೆವರು ಹರಿಸಬೇಕು. ಆದರೆ ಇನ್ನು ಕೆಲವರು ಅವತ್ತು ಕುಂತವರು ಇವತ್ತಿಗೂ ಎದ್ದಿಲ್ಲ. ಅವರನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ನಾನೂ ಕುಂತವಳೇ. ಎರಡು ವರ್ಷದ ಹಿಂದೆ ಡಾಕ್ಟರು ಶುಗರ್ ಅಂಚಿನಲ್ಲಿದೆ ಎಂದರು. ಹೊಸ ಶೂ ಬಂತು, ಜಿಮ್ಮಿಗೆ ವರ್ಷದ ದುಡ್ಡೂ ಕಟ್ಟಿದ್ದಾಯಿತು. ಹೋದದ್ದು ಐದು ವಾರ. ನಮ್ಮ ಓಣಿಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ನೀರಿನ ದಿನ ತಪ್ಪಿಸಿಕೊಂಡೆ, ಮರುದಿನ ಬೇಸರಕ್ಕೆ ತಪ್ಪಿಸಿಕೊಂಡೆ, ಆಮೇಲೆ ತಪ್ಪಿಸಿಕೊಳ್ಳುವುದೇ ರೂಢಿಯಾಯಿತು. ಮನಸ್ಸಿನಲ್ಲಿ ಹುರುಪು ಹುಟ್ಟಲಿ ಎಂದು ಕಾಯುತ್ತಾ ಆರು ತಿಂಗಳು ಕಳೆದೆ. ಹುರುಪು ಹುಟ್ಟಲಿಲ್ಲ. ಹುಟ್ಟಿದ್ದು ಬೇರೆಯದೇ. ಅದನ್ನು ಹೇಳುವುದಕ್ಕೇ ಇವತ್ತು ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಎಂಬ ನಾಲ್ಕು ಊರು ಸುತ್ತಲು ಹೊರಟಿದ್ದೇನೆ.

ವೃತ್ತ ದಾಟಿ ಕೇರಿಯೊಂದರ ಒಳಗೆ ಹೊಕ್ಕರೆ ಗರಡಿ ಮನೆ. ತಗ್ಗು ಬಾಗಿಲು, ಒಳಗೆ ಒಂದೇ ಬಲ್ಬು. ಎಣ್ಣೆ ಕುಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಮೂಲೆಯಲ್ಲಿ ಆಂಜನೇಯ. ಏಳೆಂಟು ಹುಡುಗರು ದಂಡ ಹೊಡೆಯುತ್ತಿದ್ದಾರೆ, ಉಸ್ತಾದರು ಕುಂತಲ್ಲಿಂದಲೇ ಎಣಿಸುತ್ತಿದ್ದಾರೆ. ಒಬ್ಬ ತಡವಾಗಿ ಬಂದ. ಉಸ್ತಾದರು ಬೈಯಲಿಲ್ಲ. “ಯಾಕಪ್ಪಾ, ನಿನ್ನ ಜೋಡಿ ಆಗಿಂದ ಕುಂತಾನ” ಅಂದರು ಅಷ್ಟೇ. ಹುಡುಗ ತಲೆ ತಗ್ಗಿಸಿ ಅಂಗಿ ಕಳಚಿದ. ಆ ಮಾತು ನನ್ನ ಜೊತೆ ದಿನವಿಡೀ ನಡೆಯಿತು. ನಾನು ಹೊಸ್ತಿಲ ಆಚೆಯೇ ನಿಂತಿದ್ದೆ. ಗರಡಿಯ ಮಟ್ಟಿಗೆ ಹೆಂಗಸರು ಕಾಲಿಡುವ ವಾಡಿಕೆಯಿಲ್ಲ.

ಅಕ್ಕ ಜಂಬುನಾಥನ ಗುಡ್ಡದ ಕಡೆ ತಿರುಗಿದಳು. ನಮ್ಮ ನಿತ್ಯದ ನಡಿಗೆ ಅದೇ ದಾರಿ. ಒಂದು ಎಚ್ಚರ ಹೇಳಲೇಬೇಕು. ಈ ಸೀಮೆಯ ಬಂಡೆಗಳ ನಡುವೆ ಕರಡಿಗಳಿವೆ, ಚಿರತೆಗಳಿವೆ. 1994ರಲ್ಲಿ ದರೋಜಿಯಲ್ಲಿ ಕರಡಿಧಾಮ ಆದದ್ದು ಸುಮ್ಮನೆ ಅಲ್ಲ. ಬೆಳಕು ಹರಿಯುವ ಮುಂಚೆ ಯಾವ ಗುಡ್ಡವನ್ನೂ ಒಬ್ಬರೇ ಏರಬಾರದು. ಹೆಂಗಸರಂತೂ ಕತ್ತಲಲ್ಲಿ ಅಂಜುವುದು ಬರೀ ಕರಡಿಗಲ್ಲ, ಅದೂ ಗೊತ್ತಿರುವ ಮಾತು. ಅದಕ್ಕೇ ಇಬ್ಬರು.

ಅಕ್ಕ ಮನೆಗೆ ಮರಳಿದಳು, ನಾನು ಹಂಪಿಗೆ ಹೊರಟೆ. ಹದಿಮೂರು ಕಿಲೋಮೀಟರು. ಬಸ್ಸಿನಲ್ಲಿ ಕಮಲಾಪುರದವರೆಗೆ ಹೋಗಿ, ಅಲ್ಲಿಂದ ನಡೆದು ಮಹಾನವಮಿ ದಿಬ್ಬದ ಮುಂದೆ ನಿಂತಾಗ ಬಿಸಿಲು ಕಲ್ಲನ್ನು ಈಗಷ್ಟೇ ಮುಟ್ಟಿತ್ತು. ದಿಬ್ಬದ ಸುತ್ತ ಪಟ್ಟಿಪಟ್ಟಿಯಾಗಿ ಕುದುರೆ, ಆನೆ, ಬೇಟೆಗಾರರು, ಕೋಲು ಹಿಡಿದು ಕುಣಿಯುವವರು, ತೋಳಿಗೆ ತೋಳು ಕೊಟ್ಟ ಜಟ್ಟಿಗಳು. ಕಲ್ಲಿನಲ್ಲಿ ಯಾರೊಬ್ಬರೂ ಸುಮ್ಮನೆ ಕುಂತಿಲ್ಲ.

ಇಲ್ಲಿ ಆಳಿದ ಕೃಷ್ಣದೇವರಾಯನ ಬೆಳಗು ಹೇಗಿತ್ತು ಎಂಬುದು ನಮಗೆ ಗೊತ್ತಿದೆ. 1520ರ ಆಸುಪಾಸಿನಲ್ಲಿ ಇಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. 1900ರಲ್ಲಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ರಾಯ ದಿನವೂ ಬೆಳಗಾಗುವ ಮುಂಚೆ ಮುಕ್ಕಾಲು ಪಿಂಟ್ ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ನಮ್ಮ ಲೆಕ್ಕದಲ್ಲಿ ನಾನೂರು ಮಿಲಿಲೀಟರಿಗೂ ಮೇಲೆ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ, ಸುಟ್ಟ ಮಣ್ಣಿನ ದೊಡ್ಡ ತೂಕಗಳನ್ನು ತೋಳಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಮು. ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ. ಆಮೇಲೆ ಕುದುರೆ ಏರಿ ಬೆಳಕಾಗುವವರೆಗೆ ಬಯಲಲ್ಲಿ ಓಟ. ಇಳಿದ ಮೇಲೆ ಸ್ನಾನ, ಪೂಜೆ, ಅನಂತರ ರಾಜ್ಯದ ಕೆಲಸ. (ಎಣ್ಣೆ ಕುಡಿಯುವುದನ್ನು ಯಾರೂ ಅನುಸರಿಸಬೇಡಿ.)

ಈ ಭಾಗ ಓದಿದವರು ರಾಯನ ಬಲವನ್ನು ಕೊಂಡಾಡುತ್ತಾರೆ. ನನಗೆ ಕಂಡದ್ದು ಎರಡು ಬೇರೆ ಸಂಗತಿ. ಒಂದು, ಇದೇ ಪಾಯೆಸ್ ರಾಯನ ಮೈಕಟ್ಟನ್ನೂ ಹೇಳುತ್ತಾನೆ: ಸಾಧಾರಣ ಎತ್ತರ, ಮುಖದ ಮೇಲೆ ಸಿಡುಬಿನ ಕಲೆ, ತೆಳ್ಳಗೆ ಅನ್ನುವುದಕ್ಕಿಂತ ದಪ್ಪವೇ ಅನ್ನಬಹುದಾದ ಮೈ. ದಿನಾ ಇಷ್ಟು ಬೆವರು ಹರಿಸಿದ ದೊರೆಯೂ ದಪ್ಪಗಿದ್ದ. ಆ ಮೈಯಲ್ಲೇ ದಂಡೆತ್ತಿ ಹೋದ, ಕೆರೆ ಕಟ್ಟಿಸಿದ, ಕಾವ್ಯ ಬರೆದ. ಕನ್ನಡಿ ನೋಡಿ ನೊಂದು ಜಿಮ್ ಬಿಡುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಎರಡನೆಯದು ಆ ಬೆಳಗಿನ ಜೋಡಣೆ. ಒಂದು ಕೆಲಸದ ಬಾಲಕ್ಕೆ ಇನ್ನೊಂದು ಕೆಲಸ ಕಟ್ಟಿದೆ. ಎಣ್ಣೆ ಹಚ್ಚಿದ ಮೇಲೆ ಬೆವರದೆ ಇರಲಾಗದು, ಬೆವರಿದ ಮೇಲೆ ಮೀಯದೆ ಇರಲಾಗದು, ಮಿಂದ ಮೇಲೆ ಪೂಜೆ ಹೇಗೂ ಉಂಟು. ನಡುವೆ ಎಲ್ಲಿಯೂ ಇವತ್ತು ಮಾಡಲೋ ಬೇಡವೋ ಎಂದು ಯೋಚಿಸಲು ಜಾಗವೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಒಬ್ಬ ಜಟ್ಟಿ ಕಾದಿದ್ದಾನೆ. ಹೆಸರು ಉಳಿಯದ ಆ ಜಟ್ಟಿ ಮೈಗೆ ಎಣ್ಣೆ ಹಚ್ಚಿಕೊಂಡು ದೊರೆಯ ದಾರಿ ನೋಡುತ್ತಿದ್ದಾನೆ. ಹಾಸಿಗೆ ಬಿಟ್ಟು ಏಳಲು ರಾಯನಿಗೂ ಮನಸ್ಸಾಗದ ಬೆಳಗುಗಳು ಇದ್ದಿರಬೇಕು. ಅಂಥ ದಿನ ಅವನನ್ನು ಎಬ್ಬಿಸಿದ್ದು ಈ ಜಟ್ಟಿಯೇ ಎಂದು ನಾನು ನಂಬಿದ್ದೇನೆ.

ರಾಯನ ಕಾಲದ ನಂತರ ಬಂದ ಕುದುರೆ ವ್ಯಾಪಾರಿ ನೂನಿಜ್ ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರಿದ್ದರು ಎಂದು ಬರೆಯುತ್ತಾನೆ. ಬೆಳಿಗ್ಗೆ ಗರಡಿಯ ಹೊಸ್ತಿಲಲ್ಲಿ ನಿಂತ ನನ್ನ ಕಾಲಿಗೆ ಆ ಒಂದು ಸಾಲು ಬಲ ಕೊಟ್ಟಿತು.

ಅಲ್ಲಿಂದ ಮಾತಂಗ ಪರ್ವತ. ಹಂಪಿ ನೋಡಲು ಬಂದವರು ಸೂರ್ಯೋದಯಕ್ಕೆ ಏರುವ ಬೆಟ್ಟ ಇದು. ವಾಲಿಗೆ ಹೆದರಿ ಸುಗ್ರೀವ ಅಡಗಿದ್ದ ಬೆಟ್ಟ ಎಂದು ಸ್ಥಳದ ಕಥೆ. ಚಪ್ಪಡಿ ಮೆಟ್ಟಿಲು ಒಂದರ ಎತ್ತರ ಇನ್ನೊಂದಕ್ಕಿಲ್ಲ. ಅದೇ ಇದರ ಗುಣ. ಜಿಮ್ಮಿನ ಓಡುವ ಪಟ್ಟಿಯ ಮೇಲೆ ಕಾಲು ಒಂದೇ ಕೆಲಸ ಮಾಡುತ್ತದೆ. ಇಲ್ಲಿ ಪ್ರತಿ ಹೆಜ್ಜೆಗೂ ಮೊಣಕಾಲು, ಸೊಂಟ, ಕಣ್ಣು ಮೂರೂ ಕೂಡಿ ಯೋಚಿಸಬೇಕು. ಮೂರು ಕಡೆ ಕುಂತು ಏರಿದೆ. ಮೇಲೆ ವೀರಭದ್ರನ ಗುಡಿಯ ಮಾಡಿನಿಂದ ತುಂಗಭದ್ರೆ, ಅಚ್ಯುತರಾಯನ ಗುಡಿ, ನದಿಯಾಚೆ ಅಂಜನಾದ್ರಿಯ ಬಿಳಿ ಮೆಟ್ಟಿಲ ಸಾಲು. ಆ ಬೆಟ್ಟಕ್ಕೆ 575 ಮೆಟ್ಟಿಲು. ಶನಿವಾರ ಶನಿವಾರ ಅದನ್ನು ಏರುವ ಹರಕೆ ಹೊತ್ತವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ. ಅವರು ಇದನ್ನು ವ್ಯಾಯಾಮ ಎಂದು ಒಮ್ಮೆಯೂ ಕರೆದಿಲ್ಲ. ಹರಕೆ ತಪ್ಪಿದರೆ ಹನುಮಪ್ಪನಿಗೆ ಉತ್ತರ ಹೇಳಬೇಕು, ಅಷ್ಟೇ. ಅವರಿಗೂ ಮೇಲೆ ಒಬ್ಬ ಜಟ್ಟಿ ಕಾದಿದ್ದಾನೆ.

ಏರುವುದು ಆಗದವರಿಗೆ ಹಂಪಿ ಬಜಾರಿನ ತುದಿಯಿಂದ ಕೋದಂಡರಾಮನ ಗುಡಿ ಹಾದು ವಿಜಯವಿಠ್ಠಲದವರೆಗೆ ನದಿಯ ಪಕ್ಕದ ದಾರಿಯಿದೆ, ಸುಮಾರು ಎರಡು ಕಿಲೋಮೀಟರು. ಹೋಗಿ ಬಂದರೆ ಒಂದು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಚುರುಕು ನಡಿಗೆಯಂಥ ಶ್ರಮ, ಜೊತೆಗೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ಕಸರತ್ತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಹುಟ್ಟಿದ್ದು ವೈದ್ಯರ ಬಾಯಲ್ಲಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಲ್ಲಿ. ಆರು ಸಾವಿರಕ್ಕೆ ನಿಂತೆ ಎಂದು ಯಾರೂ ಕೊರಗಬೇಕಿಲ್ಲ.

ಕಂಪ್ಲಿ ಮುಟ್ಟಿದಾಗ ಹನ್ನೊಂದಾಗಿತ್ತು. ದಾರಿಯುದ್ದಕ್ಕೂ ಬಾಳೆ, ಕಬ್ಬು, ಭತ್ತದ ಗದ್ದೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಇಲ್ಲಿನ ರಾಜಕುಮಾರ ಕುಮಾರರಾಮನ ಕಥೆಯಲ್ಲಿ ಚೆಂಡಾಟ ಬರುತ್ತದಲ್ಲ, ಮಲತಾಯಿ ರತ್ನಾಜಿಯ ಮನೆಗೆ ಹೋಗಿ ಬಿದ್ದ ಆ ಚೆಂಡು, ಅದರ ನೆನಪಿನಲ್ಲಿ ಇಲ್ಲಿನ ಬಯಲಲ್ಲಿ ಆಡುವ ಹುಡುಗರನ್ನು ನೋಡುತ್ತಾ ನಿಂತೆ. ಆದರೆ ಕಣ್ಣು ಕಿತ್ತು ಬರದ ಹಾಗೆ ಹಿಡಿದದ್ದು ನಾಟಿ ಹಚ್ಚುತ್ತಿದ್ದ ಹೆಂಗಸರು. ಕೆಸರಲ್ಲಿ ಕಾಲು, ಬಗ್ಗಿದ ಸೊಂಟ, ಬೆಳಗಿನಿಂದ ಸಂಜೆವರೆಗೆ. ಇವರ ಮುಂದೆ ವ್ಯಾಯಾಮದ ಮಾತೆತ್ತುವುದು ಹೇಗೆ? ಬದುವಿನ ಮೇಲೆ ಬುತ್ತಿ ಬಿಚ್ಚಿದ ಒಬ್ಬ ಅವ್ವನನ್ನು ಕೇಳಿದೆ. “ದುಡಿಮಿ ಬ್ಯಾರೆ, ಮೈ ಸಡಿಲ ಮಾಡ್ಕೊಳ್ಳಾದು ಬ್ಯಾರೆ ಯವ್ವಾ. ರಾತ್ರಿ ಗ್ವಾಡಿಗೆ ಬೆನ್ನು ಹಚ್ಚಿ ನೆಟ್ಟಗ ನಿಂದರತೀನಿ, ಅದ ನನಗ ಸುಖ” ಅಂದಳು. ದಿನವಿಡೀ ಬಗ್ಗುವ ಮೈಗೆ ನೆಟ್ಟಗೆ ನಿಲ್ಲುವುದೇ ಸಾಧನೆ. ದಿನವಿಡೀ ಕುಂತಿರುವ ನನ್ನ ಮೈಗೆ ಏಳುವುದು. ತನ್ನ ದುಡಿಮೆ ಮೈಯ ಯಾವ ಭಾಗವನ್ನು ಬಿಟ್ಟುಬಿಟ್ಟಿದೆ ಎಂದು ನೋಡಿ ಅಲ್ಲಿಂದ ಶುರು ಮಾಡಬೇಕು ಎಂಬುದನ್ನು ಆ ಅವ್ವನಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಡೂರಿನ ಹಾದಿಯಲ್ಲಿ ತೋರಣಗಲ್ಲು. ಅಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಜೆಎಸ್‌ಡಬ್ಲ್ಯೂ ಬಳಗ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿದೆ. ನೀರಜ್ ಚೋಪ್ರಾ ಜಾವೆಲಿನ್ ಹಿಡಿದು ತಾಲೀಮು ಮಾಡಿದ ಅಂಗಳ ಅದು. ಬಾಕ್ಸಿಂಗು, ಕುಸ್ತಿ, ಜೂಡೋ ಕಲಿಯುವ ಹುಡುಗಿಯರು ಅಲ್ಲಿದ್ದಾರೆ. ನೂನಿಜ್ ಕಂಡ ಜಟ್ಟಿ ಹೆಂಗಸರ ನೆಲದಲ್ಲೇ ಸುಮಾರು ಐದು ಶತಮಾನದ ಮೇಲೆ ಹುಡುಗಿಯರು ಮತ್ತೆ ಪಟ್ಟು ಹಾಕುತ್ತಿರುವುದನ್ನು ನೆನೆದು ಬಸ್ಸಿನ ಕಿಟಕಿಯಲ್ಲೇ ಎದೆ ತುಂಬಿ ಬಂತು. ಅವರ ತಾಲೀಮು ನಮ್ಮದಲ್ಲ, ಅದು ಬೇರೆ ಬದುಕು. ಆದರೆ ಅವರಿಗೂ ಹೊತ್ತಿಗೆ ಸರಿಯಾಗಿ ಒಬ್ಬ ಜೋಡಿ, ಒಬ್ಬ ಕೋಚ್ ಕಾದಿರುತ್ತಾರೆ.

ಸಂಡೂರು ಅದಿರು ಲಾರಿಗಳ ಊರೂ ಹೌದು, ಹಸಿರು ಗುಡ್ಡಗಳ ಊರೂ ಹೌದು. ನಡೆಯುವವರು ಲಾರಿಯ ದೂಳು ಇಲ್ಲದ ದಾರಿ ಆರಿಸಿಕೊಳ್ಳಬೇಕು. ಕುಮಾರಸ್ವಾಮಿ ಬೆಟ್ಟದ ಕಾಡುದಾರಿಯಲ್ಲಿ ಸಂಜೆಯ ಹೊತ್ತು ಅರ್ಧ ಗಂಟೆ ನಡೆದೆ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿಯ ಕಟ್ಟೆಯ ಮೇಲೆ ಕುಂತು ನನ್ನ ಲೆಕ್ಕ ಹಾಕಿದೆ.

ನನ್ನದು ಹೀಗೆ ನೆಲೆಗೊಂಡಿತು. ನೀರಿನ ದಿನ ಡ್ರಮ್ಮು ತುಂಬುವಷ್ಟು ಹೊತ್ತು ಅಂಗಳದಲ್ಲೇ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ಆಮೇಲೆ ಬಿಂದಿಗೆ ಹೊತ್ತು ಮಾಳಿಗೆ ಏರುವುದು. ನೀರಿಲ್ಲದ ದಿನ ಅಕ್ಕನ ಜೊತೆ ನಲವತ್ತೈದು ನಿಮಿಷ ನಡಿಗೆ. ಜಿಮ್ಮಿಗೆ ಯಾವ ನಲ್ಲಿ ಅಡ್ಡ ಬಂದಿತ್ತೋ ಅದೇ ಈಗ ನನ್ನ ಗಂಟೆ. ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿ 2009ರಲ್ಲಿ ತಿಳಿಸಿದ್ದು, ಒಂದು ಕೆಲಸ ತಾನಾಗಿ ನಡೆಯುವಂಥ ರೂಢಿಯಾಗಲು ಸರಾಸರಿ 66 ದಿನ ಬೇಕು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದು ಕುಸಿಯುವುದಿಲ್ಲ ಎಂದೂ ಅವರು ಕಂಡರು. ನನಗೆ ನಾಲ್ಕು ತಿಂಗಳು ಹಿಡಿಯಿತು. ಜ್ವರ, ಮದುವೆ, ಅತ್ತೆಯ ಕಣ್ಣಿನ ಆಪರೇಷನ್ನು, ಎಲ್ಲದಕ್ಕೂ ತಪ್ಪಿದೆ. ತಪ್ಪಿದ ಮರುದಿನ ಅಕ್ಕ ಕಟ್ಟೆಯ ಮೇಲೆ ಕುಂತೇ ಇರುತ್ತಿದ್ದಳು.

ಸಂಡೂರಿನ ಬಸ್ ನಿಲ್ದಾಣದಲ್ಲಿ ಒಗ್ಗರಣೆ ಮಂಡಕ್ಕಿ, ಒಂದೇ ಒಂದು ಮಿರ್ಚಿ ತಿನ್ನುತ್ತಿದ್ದಾಗ ಫೋನು ಬಡಿಯಿತು. ಅಕ್ಕನೇ.

“ಎಲ್ಲಿಗೆ ಬಂದಿ?”

“ಸಂಡೂರಾಗ ಅದೀನಿ ಅಕ್ಕಾ. ಕಾಲು ನೋಯಕತ್ತಾವ.”

“ನೋಯ್ಲಿ ಬಿಡು, ಬಿಸಿನೀರು ಹಾಕ್ಕೊ. ನಾಳಿಗೆ ನೀರಿನ ದಿನ, ಐದೂವರಿಗೆ ಬಿಡ್ತಾರ. ನಾ ಬಾಗಿಲ ಬಡೀತೀನಿ.”

ಹೊಸಪೇಟೆಯ ಬಸ್ಸು ಬಂತು.